ಕಡತ ತೆರೆಸಿದ ಜನಶಕ್ತಿ

ಕೊಡಗಿನ ಮಲೆಯಲ್ಲಿ ಹುಟ್ಟುವ ಕಾವೇರಿ ಬನ್ನೂರಿನ ಬಯಲನ್ನು ಹಾದು ತಿರುಮಕೂಡಲಿನಲ್ಲಿ ಕಪಿಲೆಯನ್ನು ಕೂಡುತ್ತಾಳೆ. ಮೇಲೆ ಕಾಡು ಬರಿದಾದರೆ ಕೆಳಗೆ ಹೊಳೆ ಸೊರಗುತ್ತದೆ. ಹೊಳೆಯ ಮರಳನ್ನು ಮಿತಿಮೀರಿ ಬಗೆದರೆ ದಡ ಕುಸಿದು ಅಂತರ್ಜಲ ಇಳಿಯುತ್ತದೆ. ಈ ಎರಡೂ ನಷ್ಟಗಳ ಬೇರು ಕಚೇರಿಯ ಕಡತದಲ್ಲಿದೆ. ಅನುಮತಿ ಯಾರಿಗೆ, ಎಷ್ಟಕ್ಕೆ, ಯಾರ ಸಹಿಯಿಂದ ಎಂಬುದು ಮರೆಯಲ್ಲಿರುವವರೆಗೂ ಲಂಚಕ್ಕೆ ನೆರಳು ದೊರೆಯುತ್ತದೆ.

ಆ ಕಡತವನ್ನು ಜನರೇ ತೆರೆಸಿದ ನಿದರ್ಶನಗಳು ಕರ್ನಾಟಕದಲ್ಲಿವೆ. 1984ರಲ್ಲಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಜಂಟಿಯಾಗಿ ಕಟ್ಟಿದ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ, ನೀಲಗಿರಿ ಬೆಳೆಯಲೆಂದು ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ದರ್ಜೆಯ ಭೂಮಿಯನ್ನು ವಹಿಸಲಾಯಿತು. ದಾಖಲೆಯಲ್ಲಿ ಪಾಳು ಎನಿಸಿದ ಆ ನೆಲ ಹಳ್ಳಿಗರಿಗೆ ಮೇವು, ಸೌದೆ, ಸೊಪ್ಪಿನ ಆಸರೆಯಾಗಿತ್ತು. ಸಮಾಜ ಪರಿವರ್ತನಾ ಸಮುದಾಯವು ಸುಪ್ರೀಂ ಕೋರ್ಟಿಗೆ ಹೋಯಿತು, ಡಾ. ಶಿವರಾಮ ಕಾರಂತರೂ ಅರ್ಜಿದಾರರಾದರು. 1987ರ ನವೆಂಬರ್ 14ರಂದು ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಸರ್ಕಾರವು ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು.

ಅದೇ ಸಂಘಟನೆ 2009ರಲ್ಲಿ ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ವಿರುದ್ಧ ಮತ್ತೆ ಸುಪ್ರೀಂ ಕೋರ್ಟಿನ ಮೊರೆಹೊಕ್ಕಿತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿಯು ಬೊಕ್ಕಸದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ಅದೇ ತಿಂಗಳು ನ್ಯಾಯಾಲಯ ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. 2013ರಲ್ಲಿ 49 ಗಣಿ ಗುತ್ತಿಗೆಗಳನ್ನು ರದ್ದುಪಡಿಸಿತು.

ಗೆದ್ದುದನ್ನು ಕಾಯುವುದೂ ಚಳವಳಿಯ ಹೊಣೆಯೇ. 2016ರಲ್ಲಿ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವನ್ನು ರಚಿಸಿ, ಲೋಕಾಯುಕ್ತ ಪೊಲೀಸರ ತನಿಖಾಧಿಕಾರವನ್ನು ಕಿತ್ತುಕೊಂಡಿತು. ಹೈಕೋರ್ಟು ಆ ದಳವನ್ನು ರದ್ದುಪಡಿಸಿ ಅಧಿಕಾರವನ್ನು ಮರಳಿಸಿದ್ದು 2022ರ ಆಗಸ್ಟಿನಲ್ಲಿ. ಅಷ್ಟರಲ್ಲಿ ಆರು ವರ್ಷಗಳು ಕಳೆದಿದ್ದವು.

ಸುಪ್ರೀಂ ಕೋರ್ಟು ದೂರ, ಗ್ರಾಮಸಭೆ ಹತ್ತಿರ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಡನೆ ಅರ್ಜಿ ಕೊಟ್ಟರೆ 30 ದಿನಗಳೊಳಗೆ ಉತ್ತರ ಬರಬೇಕು. ಊರಿನ ಗೋಮಾಳ, ಕಲ್ಲುಕ್ವಾರಿ, ಮರಳುದಂಡೆಗಳ ಗುತ್ತಿಗೆಪತ್ರ ಮತ್ತು ನಕ್ಷೆಯ ಪ್ರತಿಯನ್ನು ಕೇಳುವುದು ಮೊದಲ ಹೆಜ್ಜೆ. ವಿದ್ಯಾರ್ಥಿಗಳು ಅದನ್ನು ಓದಿ ಹೇಳಲಿ. ಹಿರಿಯರು ಎಲ್ಲೆಕಲ್ಲುಗಳನ್ನು ತೋರಿಸಲಿ. ನಕ್ಷೆಗೂ ನೆಲಕ್ಕೂ ತಾಳೆಯಾಗದಿದ್ದರೆ ಆ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಬೇಕು. ಒಬ್ಬನ ದೂರನ್ನು ಕಚೇರಿ ಮೂಲೆಗೆ ತಳ್ಳಬಹುದು. ಊರೇ ದಾಖಲಿಸಿದ ಪ್ರಶ್ನೆಗೆ ಉತ್ತರ ಕೊಡಲೇಬೇಕಾಗುತ್ತದೆ.