ಶಿಖರವೂ ಪರಿಗ್ರಹವೇ

2006ರ ಮೇ 15. ಎವರೆಸ್ಟ್ ಪರ್ವತದ ಉತ್ತರ ಭಾಗದ ಹಾದಿಯಲ್ಲಿ, ಸುಮಾರು 8,500 ಮೀಟರ್ ಎತ್ತರದ ಬಂಡೆಯೊಂದರ ಮರೆಯಲ್ಲಿ, ಡೇವಿಡ್ ಶಾರ್ಪ್ ಎಂಬ ಬ್ರಿಟಿಷ್ ಆರೋಹಿ ಚಳಿಗೆ ಮರಗಟ್ಟಿ ಕುಳಿತಿದ್ದರು. ಶೆರ್ಪಾ ಸಂಗಾತಿಯಿಲ್ಲದೆ ಒಂಟಿಯಾಗಿ ಹೊರಟಿದ್ದ ಅವರ ಬಳಿ ಆಮ್ಲಜನಕವೂ ಅಲ್ಪವೇ ಇತ್ತು. ಸುಮಾರು ನಲವತ್ತು ಮಂದಿ ಅವರ ಪಕ್ಕದಲ್ಲಿಯೇ ಹಾದುಹೋದರೆಂದು ಆಗಿನ ವರದಿಗಳು ತಿಳಿಸಿದವು. ಆ ಸ್ಥಳದಲ್ಲಿ ಹಿಂದೆ ಮಡಿದವರೊಬ್ಬರ ದೇಹವೂ ಇದ್ದುದರಿಂದ ಕೆಲವರು ತಪ್ಪು ತಿಳಿದಿರಬಹುದು. ಕೆಲವರು ಇಳಿಯುವಾಗ ನೆರವಾಗಲು ಯತ್ನಿಸಿದ್ದೂ ಉಂಟು. ಶಾರ್ಪ್ ಅಲ್ಲಿಯೇ ಅಸುನೀಗಿದರು. 1953ರಲ್ಲಿ ತೇನ್‌ಸಿಂಗ್ ನೋರ್ಗೆಯವರೊಡನೆ ಮೊದಲ ಬಾರಿಗೆ ಆ ಶಿಖರವನ್ನೇರಿದ್ದ ಎಡ್ಮಂಡ್ ಹಿಲರಿ, ಈ ಸುದ್ದಿ ಕೇಳಿ ಹಾದುಹೋದವರನ್ನು ಬಹಿರಂಗವಾಗಿ ಖಂಡಿಸಿದರು.

ಹನ್ನೊಂದು ದಿನಗಳ ತರುವಾಯ ಅದೇ ಹಾದಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಸತ್ತರೆಂದೇ ಭಾವಿಸಿ ಹಿಂದಿನ ಸಂಜೆ ಬಿಟ್ಟುಹೋಗಿದ್ದ ಆಸ್ಟ್ರೇಲಿಯದ ಲಿಂಕನ್ ಹಾಲ್ ಬೆಳಗ್ಗೆ ಜೀವಂತವಾಗಿ ಕುಳಿತಿದ್ದರು, ಕೈಗವಸಿಲ್ಲ, ಟೋಪಿಯಿಲ್ಲ. ಅವರನ್ನು ಕಂಡವರು ಡಾನ್ ಮಜೂರ್ ಮತ್ತು ಅವರ ಮೂವರು ಸಂಗಡಿಗರು. ಹವೆ ತಿಳಿಯಾಗಿತ್ತು, ಶಿಖರ ಕೆಲವೇ ಗಂಟೆಗಳ ದೂರದಲ್ಲಿತ್ತು. ಅವರು ಮುಂದೆ ಹೋಗಲಿಲ್ಲ. ಆಮ್ಲಜನಕವನ್ನೂ ಕುಡಿಯಲು ಪಾನೀಯವನ್ನೂ ಕೊಟ್ಟು, ಕೆಳಗಿನಿಂದ ಶೆರ್ಪಾಗಳು ಬರುವವರೆಗೆ ಗಂಟೆಗಟ್ಟಲೆ ಕಾದು, ಶಿಖರವನ್ನು ಮುಟ್ಟದೆಯೇ ಇಳಿದರು. ಹಾಲ್ ಬೆರಳ ತುದಿಗಳನ್ನು ಕಳೆದುಕೊಂಡರೂ ಮನೆ ಸೇರಿದರು, 2012ರವರೆಗೆ ಬದುಕಿದ್ದರು.

ಹಾದುಹೋದ ನಲವತ್ತು ಮಂದಿಯನ್ನು ಕ್ರೂರಿಗಳೆಂದು ಕರೆಯುವುದು ಸುಲಭ. ಬೆಚ್ಚನೆಯ ಕೋಣೆಯಲ್ಲಿ ಕುಳಿತವರಿಗೆ ಇನ್ನೂ ಸುಲಭ. ಎಂಟು ಸಾವಿರ ಮೀಟರಿಗಿಂತ ಮೇಲೆ ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದ ಮೂರನೆಯ ಒಂದು ಭಾಗದಷ್ಟೇ. ಅಲ್ಲಿ ತನ್ನ ಕಾಲನ್ನು ತಾನು ಎತ್ತಿಡುವುದೇ ಪ್ರಯಾಸ. ನಡೆಯಲಾಗದವನನ್ನು ಹೊತ್ತು ಇಳಿಸಹೋದರೆ ಇಬ್ಬರೂ ಉಳಿಯದಿರಬಹುದು. ಶಕ್ತಿ ಮೀರಿದ್ದನ್ನು ಮಾಡೆಂದು ಜಿನಶಾಸನವೂ ಹೇಳುವುದಿಲ್ಲ. ದಾನ ತಪಗಳೆರಡಕ್ಕೂ ಅದು ‘ಯಥಾಶಕ್ತಿ’ ಎಂಬ ಮಾತನ್ನು ಸೇರಿಸಿಯೇ ಹೇಳುತ್ತದೆ. ಆದರೆ ಮಜೂರರ ತಂಡ ನಿಂತದ್ದೂ ಅದೇ ಎತ್ತರದಲ್ಲಿ, ಅದೇ ಚಳಿಯಲ್ಲಿ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಬೇರೆ: ಹಾದುಹೋದವನು ಮುಂದೆ ನಡೆದದ್ದು ಶಕ್ತಿಯಿಲ್ಲದೆಯೋ, ಶಿಖರ ಕೈತಪ್ಪೀತೆಂದೋ?

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಿವರಿಸುವಾಗ ಹೊನ್ನು, ಮಣ್ಣು, ಧಾನ್ಯಗಳ ಪಟ್ಟಿಯನ್ನು ಕೊಡಲಿಲ್ಲ. ಮೂರ್ಛೆಯೇ ಪರಿಗ್ರಹ ಎಂದರು. ‘ಇದು ನನ್ನದು, ನನಗೆ ಬೇಕೇ ಬೇಕು’ ಎಂಬ ಮಮಕಾರದಲ್ಲಿ ಚೇತನ ತನ್ನನ್ನು ಮರೆಯುವುದೇ ಮೂರ್ಛೆ. ಹಾಗಾದರೆ ಯಾರ ಕೈಗೂ ಸಿಗದ ಹಿಮದ ತುದಿಯೂ ಪರಿಗ್ರಹವಾಗಬಲ್ಲದು. ವರ್ಷಗಳ ಸಿದ್ಧತೆ, ಅಪಾರ ಹಣ, ಊರವರ ನಿರೀಕ್ಷೆ ಎಲ್ಲವೂ ಸೇರಿ ಅದನ್ನು ‘ನನ್ನ ಶಿಖರ’ವಾಗಿಸುತ್ತವೆ. ಆಗ ದಾರಿಯಲ್ಲಿ ಕುಳಿತವನು ಕಣ್ಣಿಗೆ ಕಂಡರೂ ಮನಸ್ಸಿಗೆ ಕಾಣುವುದಿಲ್ಲ. ಆ ಬಂಡೆಯ ಬಳಿ ಅಂದು ಚಳಿಯಿಂದ ಮೂರ್ಛಿತನಾದವನು ಒಬ್ಬನೇ ಇದ್ದನೆಂದು ಹೇಳಲಾಗದು.

ಪುಣ್ಯದ ಹೆಸರಿನಲ್ಲಿಯೂ ಈ ಮೂರ್ಛೆ ಬರುತ್ತದೆಂಬುದನ್ನು ಶ್ರಾವಕರು ಬಲ್ಲರು. ಇಪ್ಪತ್ತು ತೀರ್ಥಂಕರರ ನಿರ್ವಾಣಭೂಮಿಯಾದ ಸಮ್ಮೇದ ಶಿಖರಜಿಯ ವಂದನೆಗೆ ಏರಿಳಿತವೆಲ್ಲ ಸೇರಿ ಸುಮಾರು 27 ಕಿಲೋಮೀಟರ್ ನಡೆಯಬೇಕು. ಕತ್ತಲಿರುವಾಗಲೇ ಹೊರಟ ಯಾತ್ರಿಕರ ನಡುವೆ ಎದೆಯುಬ್ಬಸದಿಂದ ಕುಸಿದು ಕುಳಿತವರೊಬ್ಬರು ಇದ್ದರೆ, ಎಲ್ಲ ಕೂಟಗಳ ದರ್ಶನ ಮುಗಿಸುವ ತವಕದಲ್ಲಿ ‘ಹಿಂದೆ ಅವರ ಕಡೆಯವರು ಬರುತ್ತಿರಬಹುದು’ ಎಂದುಕೊಂಡು ಮುಂದೆ ಸಾಗುವುದು ಎಷ್ಟು ಸಹಜ!

ಅವರವರ ಕರ್ಮ ಅವರವರು ಅನುಭವಿಸಬೇಕು, ನಡುವೆ ಬರಲು ನಾವಾರು ಎಂಬ ಮಾತೂ ಆಗಾಗ ಕೇಳಿಬರುತ್ತದೆ. ಕರ್ಮಸಿದ್ಧಾಂತವನ್ನು ಇಷ್ಟು ಅನುಕೂಲಕ್ಕೆ ಬಗ್ಗಿಸಿಕೊಳ್ಳುವುದು ಸಲ್ಲದು. ಬಿದ್ದವನು ಅವನ ಕರ್ಮದ ಫಲವನ್ನು ಉಣ್ಣುತ್ತಿದ್ದರೆ, ಅವನನ್ನು ನೋಡಿ ನಡೆದವನು ಆ ಗಳಿಗೆಯ ಭಾವದಿಂದ ತನ್ನ ಹೊಸ ಕರ್ಮವನ್ನು ಕಟ್ಟಿಕೊಳ್ಳುತ್ತಿದ್ದಾನೆ. ಅನುಕಂಪೆಯನ್ನು ಸಮ್ಯಗ್ದರ್ಶನದ ಲಕ್ಷಣಗಳಲ್ಲಿ ಒಂದೆಂದು ಎಣಿಸಲಾಗಿದೆ. ಕ್ಲೇಶದಲ್ಲಿರುವವರ ವಿಷಯದಲ್ಲಿ ಕಾರುಣ್ಯವನ್ನು ಭಾವಿಸಬೇಕೆಂದ ಸೂತ್ರಕಾರರು, ಅವರು ಪರಿಚಿತರೋ ಅಪರಿಚಿತರೋ, ತಾವೇ ಎಚ್ಚರ ತಪ್ಪಿ ಕೆಟ್ಟವರೋ ಎಂದು ವಿಚಾರಿಸಲಿಲ್ಲ.

ಶ್ವೇತಾಂಬರ ಆಗಮವಾದ ಜ್ಞಾತಾಧರ್ಮಕಥೆಯಲ್ಲಿ ಶ್ರೇಣಿಕ ಮಹಾರಾಜನ ಮಗ ಮೇಘಕುಮಾರನ ಪೂರ್ವಜನ್ಮದ ವೃತ್ತಾಂತವಿದೆ. ಆಗ ಅವನು ಆನೆ. ಕಾಡ್ಗಿಚ್ಚು ಎದ್ದಾಗ ಪ್ರಾಣಿಗಳೆಲ್ಲ ಒಂದು ಬಯಲಿನಲ್ಲಿ ಒತ್ತೊತ್ತಾಗಿ ನಿಂತವು. ಮೈ ತುರಿಸಿಕೊಳ್ಳಲು ಆನೆ ಕಾಲೆತ್ತಿದಾಗ, ತೆರವಾದ ಜಾಗಕ್ಕೆ ಮೊಲವೊಂದು ಬಂದು ಕುಳಿತಿತು. ಆನೆ ಆ ಕಾಲನ್ನು ಕೆಳಗಿಡಲೇ ಇಲ್ಲ. ಎರಡೂವರೆ ದಿನ ಹಾಗೆಯೇ ನಿಂತು, ಬೆಂಕಿ ಆರಿ ಮೊಲ ಹೊರಟ ಮೇಲೆ ಕಾಲು ಮಡಿಸಲಾರದೆ ಬಿದ್ದು ಪ್ರಾಣಬಿಟ್ಟಿತು. ಕಥೆ ಹೇಳುವವರು ಇಲ್ಲಿಗೇ ಮನಸೋತು, ಇನ್ನೊಂದು ಸಂಗತಿಯನ್ನು ಬಿಟ್ಟುಬಿಡುವುದುಂಟು. ಆ ಬಯಲು ತಾನಾಗಿ ಇದ್ದುದಲ್ಲ. ಬೆಂಕಿ ಬೀಳುವ ಮೊದಲೇ ಆನೆ ಗಿಡ ಬಳ್ಳಿಗಳನ್ನು ಕಿತ್ತು ಅದನ್ನು ಸಿದ್ಧಗೊಳಿಸಿತ್ತು.

ಪರ್ವತಾರೋಹಿಗಳಿಗೆ ಈ ಕಥೆಯಲ್ಲಿ ಅತ್ಯಂತ ಉಪಯುಕ್ತವಾದ ಭಾಗ ಇದೇ. ಪ್ರಾಣವಾಯು ವಿರಳವಾದ ಎತ್ತರದಲ್ಲಿ ಬುದ್ಧಿಯೂ ಮಂಕಾಗುತ್ತದೆ. ಅಲ್ಲಿ ನಿಂತು ಧರ್ಮಾಧರ್ಮಗಳನ್ನು ತೂಗಲಾಗದು. ದಾರಿಯಲ್ಲಿ ಬಿದ್ದವರು ಸಿಕ್ಕರೆ ಏರಿಕೆಯನ್ನು ನಿಲ್ಲಿಸುತ್ತೇವೆ ಎಂಬ ನಿಶ್ಚಯ, ಇನ್ನೊಬ್ಬರಿಗಾಗಿಯೇ ಎತ್ತಿಟ್ಟ ಆಮ್ಲಜನಕ, ಇವು ಕೆಳಗಿನ ಶಿಬಿರದಲ್ಲಿಯೇ ಆಗಬೇಕಾದವು. ತನಗೆ ಸಾಲುವಷ್ಟನ್ನೇ ಹೊತ್ತು ಹೊರಟವನು ತಾನು ಯಾರಿಗೂ ನೆರವಾಗಲಾರೆನೆಂದು ಅಲ್ಲಿಯೇ ತೀರ್ಮಾನಿಸಿದಂತೆ.

ಎಲ್ಲ ಸಿದ್ಧತೆಯಿದ್ದೂ ಉಳಿಸಲಾಗದ ಜೀವಗಳಿರುತ್ತವೆ. ಆಗಲೂ ಕೊಡಬಹುದಾದದ್ದು ಒಂದಿದೆ. ಆಹಾರ, ಔಷಧ, ಶಾಸ್ತ್ರಗಳ ಜೊತೆಗೆ ನಮ್ಮ ಹಿರಿಯರು ಅಭಯವನ್ನೂ ದಾನವೆಂದೇ ಎಣಿಸಿದರು. ಶಾರ್ಪ್ ಅವರನ್ನು ಇಳಿಯುವಾಗ ಕಂಡ ಆರೋಹಿಯೊಬ್ಬರು ಅವರನ್ನು ಎಬ್ಬಿಸಲಾಗದೆ ಬಹಳ ಹೊತ್ತು ಪಕ್ಕದಲ್ಲಿಯೇ ಇದ್ದು, ತಮ್ಮ ಆಮ್ಲಜನಕ ಮುಗಿಯುತ್ತ ಬಂದಾಗ ಅಳುತ್ತ ಕೆಳಗಿಳಿದರು. ಜೀವ ಉಳಿಯಲಿಲ್ಲವೆಂಬ ಕಾರಣಕ್ಕೆ ಆ ಹೊತ್ತನ್ನು ವ್ಯರ್ಥವೆನ್ನಲು ನನ್ನ ಮನಸ್ಸು ಒಪ್ಪದು.