ಚಪ್ಪಾಳೆ ತಟ್ಟಿದ್ರೆ ಮರಿ ಹಾರುತ್ತಾ?

ನಮ್ಮಲ್ಲಿ ಬಹಳಷ್ಟು ಜನ ಯುಕೆಜಿಯ ಗೋಡೆ ಮೇಲಿನ ಚಾರ್ಟ್ ನೋಡಿ 'ಎಸ್ ಫಾರ್ ಸ್ವಾನ್' ಅಂತ ಕಲಿತವರು. ನೀಲಿ ಕೊಳ, ಬಿಳಿ ಹಕ್ಕಿ, ಅದರ ಹಿಂದೆ ಸಾಲಾಗಿ ನಾಲ್ಕು ಬೂದು ಮರಿ. ಆಮೇಲೆ ಇಂಗ್ಲಿಷ್ ಪಾಠದಲ್ಲಿ ಆಂಡರ್ಸನ್ ಬರೆದ ಕುರೂಪಿ ಬಾತುಮರಿಯ ಕಥೆ ಬಂತು. ಈಗ ಫೋನ್ ತೆಗೆದರೆ ಯಾವುದೋ ದೇಶದ ಸರೋವರದಲ್ಲಿ ಅಮ್ಮನ ಬೆನ್ನೇರಿ ಸವಾರಿ ಹೊರಟ ಹಂಸದ ಮರಿಗಳ ರೀಲ್ಸ್. ನೋಡ್ತೀವಿ, ಲೈಕ್ ಒತ್ತುತ್ತೀವಿ, 'ಎಷ್ಟು ಕ್ಯೂಟ್' ಅಂತ ಗ್ರೂಪಿಗೆ ಹಾಕ್ತೀವಿ. ಝೂನಲ್ಲಿ ನೋಡಿದ್ದು ಬಿಟ್ಟರೆ ನಮ್ಮ ಗ್ಯಾಂಗಿನ ಆರು ಜನರಲ್ಲಿ ಒಬ್ಬರೂ ಹಂಸವನ್ನು ಕಣ್ಣಾರೆ ಕಂಡಿಲ್ಲ.

ಈಗ ಇನ್ನೊಂದು ಪ್ರಶ್ನೆ. ಹೆಜ್ಜಾರ್ಲೆ ಅಂದ್ರೆ ಏನು? ನಮ್ಮ ಕ್ಲಾಸಲ್ಲಿ ಕೇಳಿದ್ವಿ. ಒಬ್ಬ 'ನಾಗಮಂಗಲದ ಕಡೆ ಯಾವುದೋ ಊರಿರಬೇಕು' ಅಂದ. ಇನ್ನೊಬ್ಬಳು 'ತಿಂಡಿನಾ?' ಅಂದಳು. ನಗಬೇಡಿ, ಕಳೆದ ವರ್ಷದವರೆಗೆ ನಮಗೂ ಗೊತ್ತಿರಲಿಲ್ಲ. ಹೆಜ್ಜಾರ್ಲೆ ಅಂದ್ರೆ ಪೆಲಿಕನ್. ಕೊಕ್ಕಿನ ಕೆಳಗೆ ಚೀಲ ಇರೋ ಆ ದೊಡ್ಡ ಹಕ್ಕಿ ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನಿಂದ ಆಟೋದಲ್ಲಿ ಹೋಗುವಷ್ಟು ಹತ್ತಿರ, ರಂಗನತಿಟ್ಟಿನಲ್ಲಿ, ಪ್ರತಿ ವರ್ಷ ಗೂಡು ಕಟ್ಟಿ ಮರಿ ಮಾಡುತ್ತೆ.

ನಾವು ಹೇಳಬೇಕು ಅಂತಿರೋದು ಇಷ್ಟೇ: ಹಂಸ ಮತ್ತು ಅದರ ಮರಿಗಳನ್ನು ನೋಡೋದ್ರಲ್ಲಿ ಜನ ಯಾವ ಸೊಗಸು ಹುಡುಕ್ತಾರೋ ಅದು ನಮ್ಮ ಕಾವೇರಿಯಲ್ಲೇ ಇದೆ. ಆದ್ರೆ ಅದು ರೀಲ್ಸ್ ನೋಡಿದಷ್ಟು ಪುಕ್ಕಟೆಯಾಗಿ ಸಿಗಲ್ಲ. ಸುಮ್ಮನೆ ಕೂರಬೇಕು. ನಾವು ಸುಮ್ಮನಿರದಿದ್ರೆ ಅದರ ಬೆಲೆ ಕಟ್ಟೋದು ನಾವಲ್ಲ, ಮರಿಗಳು. ಇದನ್ನ ನಾವು ಕಲಿತದ್ದು ಒಳ್ಳೆ ರೀತಿಯಲ್ಲಂತೂ ಅಲ್ಲ.

ಹೋದ ಮಾರ್ಚ್‌ನ ಒಂದು ಭಾನುವಾರ. ಇಂಟರ್ನಲ್ಸ್ ಮುಗಿದಿತ್ತು, ತಲೆ ಹಗುರಾಗಿತ್ತು. ಬೋಟ್ ಹತ್ತುವ ಹೊತ್ತಿಗೇ ನಮ್ಮ ಗಲಾಟೆ ಶುರು. ಒಬ್ಬನ ಕೈಲಿ ಬ್ಲೂಟೂತ್ ಸ್ಪೀಕರ್ ಬೇರೆ. ಬೋಟ್ ನಡೆಸೋ ಅಣ್ಣ ಒಂದು ಸಲ ತಿರುಗಿ ನೋಡಿದ್ರು, ಅದು ಬಂದ್ ಆಯ್ತು. ಮೊಸಳೆ ಕಂಡಿತು, ಕೂಗಿದ್ವಿ. ಮರದ ತುಂಬಾ ತಲೆಕೆಳಗಾಗಿ ನೇತಾಡೋ ಬಾವಲಿಗಳು ಕಂಡವು, ಮತ್ತೆ ಕೂಗಿದ್ವಿ. ಒಂದು ತಿಟ್ಟಿನ ಹತ್ತಿರ ಬಂದಾಗ ಮರದ ತುದಿಯಲ್ಲೆಲ್ಲ ಬಣ್ಣದ ಕೊಕ್ಕರೆಗಳು ನಿಂತಿದ್ವು. ಹಳದಿ ಕೊಕ್ಕು, ಕಿತ್ತಳೆ ಮುಖ, ಬಾಲದ ಹತ್ತಿರ ಗುಲಾಬಿ ಬಣ್ಣ. ನಿಂತ ಹಕ್ಕಿಗಿಂತ ಹಾರೋ ಹಕ್ಕಿ ವಿಡಿಯೋದಲ್ಲಿ ಚೆನ್ನಾಗಿ ಬರುತ್ತೆ ಅಂತ ನಮ್ಮಲ್ಲೊಬ್ಬ ಎದ್ದು ಜೋರಾಗಿ ಚಪ್ಪಾಳೆ ತಟ್ಟಿದ. ಉಳಿದವರು ತಡೆಯಲಿಲ್ಲ. ನಿಜ ಹೇಳಬೇಕಂದ್ರೆ ನಮ್ಮ ಫೋನುಗಳೂ ಆಗಲೇ ರೆಡಿಯಾಗಿದ್ವು.

ಏಳೆಂಟು ಕೊಕ್ಕರೆ ಎದ್ದು ಹಾರಿದ್ವು. ವಿಡಿಯೋ ಚೆನ್ನಾಗೇ ಬಂತು. ಅಣ್ಣ ಹುಟ್ಟು ಹಾಕೋದು ನಿಲ್ಲಿಸಿ ಒಂದು ಗೂಡಿನ ಕಡೆ ಕೈ ತೋರಿಸಿದ್ರು.

'ಚಪ್ಪಾಳೆ ತಟ್ಟಿದ್ರೆ ಅವು ಹಾರ್ತವೆ, ಸರಿ. ಮರಿ ಹಾರಕ್ಕಾಯ್ತದಾ? ನೋಡ್ರಪ್ಪಾ ಅಲ್ಲಿ.'

ಕಡ್ಡಿಗಳ ಗೂಡಲ್ಲಿ ಮೂರು ಮರಿ. ಮೈಮೇಲೆ ಬಿಳಿ ಹತ್ತಿಯಂಥ ತುಪ್ಪಳ ಅಷ್ಟೇ. ಹನ್ನೊಂದು ಗಂಟೆಯ ಬಿಸಿಲು ನೇರ ಅವುಗಳ ಮೇಲೆ. ಎರಡು ಕೊಂಬೆ ಆಚೆ ಒಂದು ಕಾಗೆ ಬಂದು ಕೂತಿತ್ತು. ಅಲ್ಲಿಯವರೆಗೆ ಆ ಕೊಕ್ಕರೆ ಸುಮ್ಮನೆ ನಿಂತಿದೆ ಅಂತಲೇ ನಾವು ಅಂದುಕೊಂಡಿದ್ವಿ. ಅದು ಸುಮ್ಮನೆ ನಿಂತಿರಲಿಲ್ಲ. ರೆಕ್ಕೆ ಅರ್ಧ ಬಿಡಿಸಿ, ಬಿಸಿಲಿಗೆ ಬೆನ್ನು ಕೊಟ್ಟು, ಮರಿಗಳಿಗೆ ನೆರಳು ಮಾಡ್ತಾ ನಿಂತಿತ್ತು. ನಾವು ಹಾರಿಸಿದ್ದು ಒಂದು ಕೊಡೆಯನ್ನ.

ಅದು ಎರಡು ಸುತ್ತು ಹಾಕಿ ವಾಪಸ್ ಬಂದು ಇಳಿಯಿತು. ಕಾಗೆ ಎದ್ದು ಹೋಯ್ತು. ಅವತ್ತು ಆ ಗೂಡಿಗೆ ಏನೂ ಆಗಲಿಲ್ಲ. ಆದ್ರೆ ಅವತ್ತು ಭಾನುವಾರ, ನಮ್ಮ ಹಿಂದೆ ಇನ್ನೂ ಎಷ್ಟೋ ಬೋಟುಗಳು ಬರೋದಿತ್ತು. ಪ್ರತಿ ಬೋಟಿನಲ್ಲೂ ನಮ್ಮಂಥವನು ಒಬ್ಬ ಇದ್ದರೆ?

ಬೋಟ್ ಇಳಿದ ಮೇಲೆ ಯಾರಿಗೂ ಮಾತು ಬರಲಿಲ್ಲ. ದಡದ ಬಿದಿರು ಮೆಳೆ ನೆರಳಲ್ಲಿ ಕೂತ್ವಿ. ಮನೆಗೆ ಹೋಗೋಕೆ ಮನಸ್ಸಿಲ್ಲ, ಫೋನ್ ತೆಗೆಯೋಕೆ ನಾಚಿಕೆ. ಎದುರಿನ ತಿಟ್ಟಿನ ಒಂದೇ ಮರವನ್ನು ನೋಡ್ತಾ ಒಂದು ಗಂಟೆ ಕಳೆದ್ವಿ. ಆ ಒಂದು ಗಂಟೆಯಲ್ಲಿ ಕಂಡದ್ದು ಬೋಟಿನಲ್ಲಿ ಕಂಡದ್ದಕ್ಕಿಂತ ಜಾಸ್ತಿ.

ಹೆಜ್ಜಾರ್ಲೆ ಮರಿ ನೋಡೋಕೆ ಚಂದ ಇಲ್ಲ. ಸುಳ್ಳು ಯಾಕೆ ಹೇಳೋಣ. ಆಂಡರ್ಸನ್ ಕಥೆಯ ಬಾತುಮರಿ ಇದರ ಮುಂದೆ ಹೀರೋ. ಹುಟ್ಟುವಾಗ ಮೈಮೇಲೆ ಒಂದು ಗರಿಯೂ ಇರಲ್ಲ, ಆಮೇಲೆ ತುಪ್ಪಳ ಬರುತ್ತೆ, ಮೈಗೆ ಹೊಂದದಷ್ಟು ದೊಡ್ಡ ಕೊಕ್ಕು. ಮೀನಿನ ವಾಸನೆ, ಹಿಕ್ಕೆಯ ವಾಸನೆ ಗಾಳಿ ತಿರುಗಿದಾಗ ದಡದವರೆಗೂ ಬರುತ್ತೆ. ಆದ್ರೆ ಅಮ್ಮನೋ ಅಪ್ಪನೋ ಮೀನು ಹಿಡಿದು ಬಂದು ಗೂಡಿಗೆ ಇಳಿದ ತಕ್ಷಣ ಏನಾಗುತ್ತೆ ನೋಡಿ. ಮರಿ ತನ್ನ ತಲೆಯನ್ನು ಪೂರ್ತಿ ಆ ಗಂಟಲಚೀಲದೊಳಗೆ ತೂರಿಸಿಬಿಡುತ್ತೆ. ಹೊರಗೆ ಕಾಣೋದು ಪುಟ್ಟ ರೆಕ್ಕೆಗಳ ಒದ್ದಾಟ ಮಾತ್ರ. ಮೊದಲ ಸಲ ನೋಡಿದಾಗ ದೊಡ್ಡ ಹಕ್ಕಿ ಮರಿಯನ್ನೇ ನುಂಗ್ತಿದೆಯಾ ಅಂತ ಹೆದರಿದ್ವಿ. ಸ್ವಲ್ಪ ಹೊತ್ತಿಗೆ ತಲೆ ಆಚೆ ಬಂತು, ಹೊಟ್ಟೆ ತುಂಬಿದ ಮಗುವಿನ ಥರ ಮರಿ ಅಲ್ಲೇ ಕುಸಿದು ಕೂತಿತು.

ಬಣ್ಣದ ಕೊಕ್ಕರೆಯದು ಬೇರೆ ಕ್ರಮ. ಅದು ತಂದ ಮೀನನ್ನು ಗೂಡಿನ ಮಧ್ಯಕ್ಕೆ ಕಕ್ಕುತ್ತೆ, ಮರಿಗಳು ಮೆಸ್ಸಲ್ಲಿ ನಾವು ಹೋಳಿಗೆಗೆ ಮುಗಿಬೀಳೋ ಹಾಗೆ ಮುಗಿಬೀಳ್ತವೆ. ದೊಡ್ಡ ಕೊಕ್ಕರೆಗಳು ಹೆಚ್ಚುಕಡಿಮೆ ಮೂಕ, ಕೊಕ್ಕು ತಟ್ಟಿ ಟಕಟಕ ಸದ್ದು ಮಾಡೋದಷ್ಟೇ. ಗಲಾಟೆಯೆಲ್ಲ ಮರಿಗಳದ್ದು. ಬೆಳೆದ ಮರಿಗೂ ಗುಲಾಬಿ ಬಣ್ಣ ಇರಲ್ಲ, ಬರೀ ಬೂದು ಕಂದು. ಆ ಬಣ್ಣ ಬರೋಕೆ ವರ್ಷಗಳೇ ಬೇಕು. ಗೂಡಿನ ಅಂಚಿಗೆ ಬಂದು ರೆಕ್ಕೆ ಬಡಿದು, ಧೈರ್ಯ ಸಾಲದೆ ಮತ್ತೆ ಒಳಗೆ ಕೂತ ಒಂದು ಮರಿಯನ್ನು ನೋಡಿ ನಮ್ಮಲ್ಲೊಬ್ಬಳು 'ವೈವಾ ದಿನ ನಾನು' ಅಂದಳು. ಅವತ್ತು ನಕ್ಕಿದ್ದು ಅದೊಂದೇ ಸಲ, ಅದೂ ಮೆಲ್ಲಗೆ.

ಹಾಗಾದ್ರೆ ಹಂಸ ನಮ್ಮದಲ್ವಾ ಅಂತ ಯಾರಾದ್ರೂ ಕೇಳಬಹುದು. ಸರಸ್ವತಿಯ ವಾಹನ, ಹಾಲು ನೀರು ಬೇರೆ ಮಾಡೋ ಹಕ್ಕಿ. ಕೆ.ಆರ್. ಪೇಟೆ ತಾಲ್ಲೂಕಿನ ಹೊಸಹೊಳಲಿಗೆ ಹೋಗಿ ಬನ್ನಿ. ಅಲ್ಲಿನ ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ದೇವಸ್ಥಾನದ ಗೋಡೆಯ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಮಕರಗಳ ಜೊತೆ ಹಂಸಗಳ ಸಾಲೂ ಇದೆ. ಆ ಹಂಸ ಅಂದ್ರೆ ಪಟ್ಟೆತಲೆ ಹೆಬ್ಬಾತು ಇರಬಹುದು ಅಂತ ಹಲವು ವಿದ್ವಾಂಸರ ಅಭಿಪ್ರಾಯ. ಅದು ಟಿಬೆಟ್, ಮಂಗೋಲಿಯಾ ಕಡೆ ಮರಿ ಮಾಡಿ, ಹಿಮಾಲಯ ದಾಟಿ, ಚಳಿಗಾಲಕ್ಕೆ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುತ್ತೆ. 7,000 ಮೀಟರ್‌ಗೂ ಮೇಲೆ ಹಾರಿದ್ದು ದಾಖಲಾಗಿದೆ. ಆ ವರ್ಷ ಹುಟ್ಟಿದ ಮರಿಗಳ ತಲೆಯಲ್ಲಿ ಇನ್ನೂ ಕಪ್ಪು ಪಟ್ಟೆ ಮೂಡಿರಲ್ಲ. ಹಾಗಾಗಿ ಗುಂಪಿನಲ್ಲಿ ಪಟ್ಟೆ ಇಲ್ಲದ ತಲೆ ಕಂಡರೆ ಅದು ಬದುಕಿನ ಮೊದಲ ಪ್ರಯಾಣದಲ್ಲೇ ಹಿಮಾಲಯ ದಾಟಿ ಬಂದ ಮರಿ ಅಂತ ತಿಳ್ಕೊಳ್ಳಿ. ಅಂದ್ರೆ ಚಾರ್ಟಿನ ಸ್ವಾನ್ ನಮ್ಮಲ್ಲಿಲ್ಲ, ಆದ್ರೆ ಹಂಸದ ಮರಿಗಳೂ ನಮ್ಮ ಕೆರೆಗೆ ಬರ್ತವೆ. ನೋಡೋಕೆ ನಾವು ಹೋಗಿಲ್ಲ, ಅಷ್ಟೇ.

ಎಂಜಿನಿಯರಿಂಗ್ ಓದೋ ನಮಗೆ ರಂಗನತಿಟ್ಟಿನ ಜೊತೆ ಇನ್ನೊಂದು ನಂಟಿದೆ. ಆ ತಿಟ್ಟುಗಳು ಉಂಟಾಗಿದ್ದೇ ಒಂದು ಕಟ್ಟಡ ಕೆಲಸದಿಂದ. ಕಂಠೀರವ ನರಸರಾಜ ಒಡೆಯರ್ ಕಾಲದಲ್ಲಿ, 1645–48ರ ಹೊತ್ತಿಗೆ, ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿದಾಗ ನೀರು ನಿಂತು ಈ ನಡುಗಡ್ಡೆಗಳು ರೂಪುಗೊಂಡವು. ಕಟ್ಟಿದವರು ಯೋಚಿಸಿದ್ದು ನೀರಾವರಿ. ಬಂದು ಸೇರಿದ್ದು ಹಕ್ಕಿಗಳು. ಪಕ್ಷಿತಜ್ಞ ಸಲೀಂ ಅಲಿ ಇಲ್ಲಿನ ಗೂಡುಗಳನ್ನು ನೋಡಿ ಮೈಸೂರು ಮಹಾರಾಜರಿಗೆ ಹೇಳಿದ ಮೇಲೆ 1940ರಲ್ಲಿ ಪಕ್ಷಿಧಾಮ ಆಯ್ತು. 2022ರಲ್ಲಿ ಕರ್ನಾಟಕದ ಮೊದಲ ರಾಮ್ಸಾರ್ ತಾಣ ಅನ್ನೋ ಹೆಸರೂ ಬಂತು.

ಕಟ್ಟಡದಿಂದ ಬಂದದ್ದು ಕಟ್ಟಡದಿಂದಲೇ ಹೋಗಲೂಬಹುದು. ಮೇಲ್ಗಡೆ ಕನ್ನಂಬಾಡಿ ಕಟ್ಟೆ ಇದೆ. ಜೋರು ಮಳೆ ವರ್ಷ ಕಟ್ಟೆ ತುಂಬಿ ನೀರು ಬಿಟ್ಟರೆ ತಿಟ್ಟುಗಳು ಮುಳುಗ್ತವೆ, ಬೋಟಿಂಗ್ ನಿಲ್ಲುತ್ತೆ. ಆ ಸುದ್ದಿ ನಾವೆಲ್ಲ ನೋಡಿರ್ತೀವಿ. ನೋಡದೇ ಇರೋದು ಬೇಸಿಗೆಯ ಕಥೆ. ರೀವ ಅನ್ನೋ ಚಿಕ್ಕ ಹಕ್ಕಿ ಬೇಸಿಗೆಯಲ್ಲಿ ನೀರಿನ ನಡುವಿನ ಬರೀ ಬಂಡೆ ಮೇಲೆ ಮೊಟ್ಟೆ ಇಡುತ್ತೆ. ಗೂಡು ಇಲ್ಲ, ಕಡ್ಡಿ ಇಲ್ಲ. ನೀರಿನ ಮಟ್ಟ ಸ್ವಲ್ಪ ಏರಿದ್ರೂ ಮೊಟ್ಟೆ, ಮರಿ ಎರಡೂ ಹೊಳೆಪಾಲು. ಕುಡಿಯೋಕೆ, ಬೆಳೆಗೆ ನೀರು ಬಿಡಲೇಬೇಕು, ಮಂಡ್ಯದಲ್ಲಿ ಕೂತು ಅದನ್ನ ಬೇಡ ಅನ್ನೋಕೆ ನಾವು ಹುಚ್ಚರಲ್ಲ. ಆದ್ರೆ ನಾಳೆ ನಮ್ಮಲ್ಲಿ ಯಾರೋ ಒಬ್ಬರು ಗೇಟಿನ ಲೆಕ್ಕ ಹಾಕೋ ಕುರ್ಚಿಯಲ್ಲಿ ಕೂರಬಹುದು. ಆ ಲೆಕ್ಕದಲ್ಲಿ ಬಂಡೆ ಮೇಲಿನ ಮೊಟ್ಟೆಯೂ ಒಂದು ಅಂಕಿ ಅಂತ ಆ ಹೊತ್ತಿಗೆ ಹೊಳೆಯಬೇಕಾದ್ರೆ, ಹತ್ತೊಂಬತ್ತನೇ ವಯಸ್ಸಲ್ಲಿ ಒಂದು ಸಲ ಆದ್ರೂ ಅದನ್ನ ನೋಡಿರಬೇಕು.

'ಹಕ್ಕಿಗಳಿಗೆ ಬೋಟು ಅಭ್ಯಾಸ ಆಗಿದೆ, ನೀವು ಸುಮ್ನೆ ದೊಡ್ಡದು ಮಾಡ್ತೀರಾ' ಅಂತ ನಮ್ಮ ಸೀನಿಯರ್ ಒಬ್ಬರು ಅಂದ್ರು. ಅರ್ಧ ನಿಜ. ನಿಧಾನಕ್ಕೆ ಬರೋ ಬೋಟಿಗೆ ಅವು ಹೊಂದಿಕೊಂಡಿವೆ. ಅದಕ್ಕೇ ಅಷ್ಟು ಹತ್ತಿರ ನಮ್ಮನ್ನ ಬಿಟ್ಟುಕೊಳ್ತವೆ. ಚಪ್ಪಾಳೆಗೆ ಹೊಂದಿಕೊಂಡಿಲ್ಲ. ಹೊಂದಿಕೊಂಡಿದ್ರೆ ಅವತ್ತು ಹಾರ್ತಾನೇ ಇರಲಿಲ್ಲ.

ಮನುಷ್ಯರ ಜೊತೆ ಇರೋಕೆ ಈ ಹಕ್ಕಿಗಳಿಗೆ ಆಗಲ್ಲ ಅಂತಲ್ಲ. ನಮ್ಮದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ನೋಡಿ. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟೋದು ಮನೆಗಳ ನಡುವಿನ ಮರಗಳಲ್ಲಿ. ಬಾಣಂತನಕ್ಕೆ ತವರಿಗೆ ಬರೋ ಹೆಣ್ಣುಮಕ್ಕಳು ಅಂತಲೇ ಊರಿನವರು ಅವುಗಳನ್ನ ನೋಡ್ತಾರೆ. ಹಿಕ್ಕೆ ಗೊಬ್ಬರಕ್ಕಾಗುತ್ತೆ. ಗೂಡಿನಿಂದ ಬಿದ್ದ ಮರಿಗಳನ್ನು ಅಲ್ಲಿನ ಹೆಜ್ಜಾರ್ಲೆ ಬಳಗದ ಯುವಕರು ಮೀನು ಹಾಕಿ ಸಾಕಿ ದೊಡ್ಡದು ಮಾಡಿದ್ದಾರೆ. ಅವರಿಗೂ ನಮಗೂ ಇರೋ ವ್ಯತ್ಯಾಸ ಡಿಗ್ರಿಯದ್ದಲ್ಲ. ಆ ಊರವರಿಗೆ ಅದು ಯಾರ ಗೂಡು ಅಂತ ಗೊತ್ತು. ನಮಗೆ ಅದು ಬ್ಯಾಕ್‌ಗ್ರೌಂಡ್.

ಹೀಗಾಗಿ ನಮ್ಮ ಕ್ಲಬ್ಬಿಗೆ ಒಂದು ಸಲಹೆ. ರಾಜ್ಯೋತ್ಸವಕ್ಕೆ ಬಾವುಟ, ಹಾಡು, ಡಾನ್ಸ್ ಎಲ್ಲ ಇರಲಿ. ಜೊತೆಗೆ ಬೇಸಿಗೆ ಶುರುವಿನಲ್ಲಿ ಒಂದು ಬೆಳಿಗ್ಗೆ ರಂಗನತಿಟ್ಟಿಗೆ ಹೋಗೋಣ. ಭಾನುವಾರ ಬೇಡ, ಜನ ಜಾಸ್ತಿ. ಸ್ಪೀಕರ್ ಹಾಸ್ಟೆಲ್ಲಲ್ಲೇ ಇರಲಿ, ಡ್ರೋನ್ ಮಾತೇ ಬೇಡ. ಬೋಟ್ ಸುತ್ತಿ ಬಂದ ಮೇಲೆ ದಡದಲ್ಲಿ ಕೂತು ಒಬ್ಬೊಬ್ಬರು ಒಂದೊಂದು ಗೂಡು ಆರಿಸಿಕೊಂಡು ಅರ್ಧ ಗಂಟೆ ನೋಡೋಣ. ಬೋಟಿನ ಅಣ್ಣಂದಿರನ್ನ ಕೇಳಿ ಹತ್ತು ಹೆಸರು ಕಲಿಯೋಣ: ಹೆಜ್ಜಾರ್ಲೆ, ಬಾಯ್ಕಳಕ, ಹಾವಕ್ಕಿ, ನೀರುಕಾಗೆ, ರೀವ. ಇಂಗ್ಲಿಷ್ ಮೀಡಿಯಮ್ಮಿನಲ್ಲಿ ಓದಿದ ನಮಗೆ ಈ ಹೆಸರು ಕಲಿಸಿದ್ದು ಯಾವ ಪಠ್ಯಪುಸ್ತಕವೂ ಅಲ್ಲ, ಹುಟ್ಟು ಹಾಕೋ ಕೈಗಳು.

ಆ ಚಪ್ಪಾಳೆಯ ವಿಡಿಯೋ ಈಗಲೂ ನಮ್ಮೊಬ್ಬನ ಫೋನಲ್ಲಿದೆ. ಎಲ್ಲೂ ಹಾಕಲಿಲ್ಲ. ಮೊನ್ನೆ ಇನ್ನೊಂದು ಸಲ ನೋಡಿದ್ವಿ. ಹಾರೋ ಕೊಕ್ಕರೆಗಳ ಹಿಂದೆ, ಚೌಕಟ್ಟಿನ ಒಂದು ಮೂಲೆಯಲ್ಲಿ, ಆ ಗೂಡು ಕಾಣುತ್ತೆ. ಅವತ್ತು ವಿಡಿಯೋ ತೆಗೀತಿದ್ದಾಗ ಅದು ನಮ್ಮ ಕಣ್ಣಿಗೆ ಬಿದ್ದೇ ಇರಲಿಲ್ಲ.