ನಾಗವಲ್ಲಿ ಧಾರವಾಡ ಕನ್ನಡ ಮಾತಾಡಿದ್ರ?

ಅಕ್ಟೋಬರ್ 31ಕ್ಕೆ ಹ್ಯಾಲೋವೀನ್, ನವೆಂಬರ್ 1ಕ್ಕೆ ರಾಜ್ಯೋತ್ಸವ. ರಾತ್ರಿ ದೆವ್ವದ ಮುಖವಾಡ, ಮುಂಜಾನೆ ಕೆಂಪು-ಹಳದಿ ಶಾಲು. ಕನ್ನಡ ಸಂಘದವರಿಗೆ ಹ್ಯಾಲೋವೀನ್ ಯಾಕ ಬೇಕ್ರಿ ಅಂತ ಕೇಳೋರು ಇದ್ದೇ ಇರ್ತಾರ. ನಾನಂತೂ ಬೇಕು ಅಂತೀನಿ. ಕುಂಬಳಕಾಯಿ ಕೆತ್ತೋದು ಬಿಟ್ರೂ ನಡೀತೈತಿ (ನಮ್ಮ ಪಾಲಿಂದು ಆಯುಧಪೂಜೆಗೇ ಬೈಕ್ ಮುಂದ ಒಡೆದು ಮುಗಿಸಿರ್ತೀವಿ), ಡ್ರಾಕುಲಾನ ಮಾತ್ರ ಬಿಡಬಾರದು.

ಬ್ರ್ಯಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಆ ಕಾದಂಬರಿಯಲ್ಲಿ ನನಗೆ ರಕ್ತಕ್ಕಿಂತ ಹೆಚ್ಚು ಹೆದರಿಕೆ ಹುಟ್ಟಿಸಿದ್ದು ಎರಡನೇ ಅಧ್ಯಾಯ. ಟ್ರಾನ್ಸಿಲ್ವೇನಿಯಾದ ಕೋಟೆಯೊಳಗೆ ಕೌಂಟ್ ಡ್ರಾಕುಲಾ ಇಂಗ್ಲಿಷ್ ಪುಸ್ತಕ, ಪತ್ರಿಕೆಗಳನ್ನ ಗುಡ್ಡೆ ಹಾಕಿಕೊಂಡಾನ. ಓದಿ ಕಲಿತ ಇಂಗ್ಲಿಷ್, ಆಡಿ ರೂಢಿ ಇಲ್ಲ. ಅತಿಥಿಯಾಗಿ ಬಂದ ಜೊನಾಥನ್ ಹಾರ್ಕರ್‌ಗೆ ನನ್ನ ಮಾತಿನ ತಪ್ಪು ತಿದ್ದು ಅಂತಾನ. ಲಂಡನ್‌ನಲ್ಲಿ ಬಾಯಿ ತೆರೆದ ಕೂಡ್ಲೆ ಹೊರಗಿನವ ಅಂತ ಯಾರಿಗೂ ಗೊತ್ತಾಗಬಾರದು. ಪ್ಲೇಸ್‌ಮೆಂಟ್ ಟ್ರೇನಿಂಗ್‌ನಲ್ಲಿ ಕೂತವರಿಗೆ ಈ ಆಸೆಯನ್ನ ಬಿಡಿಸಿ ಹೇಳಬೇಕಾಗಿಲ್ಲ.

ಸಿನಿಮಾದಾಗ ಇದು ಉಲ್ಟಾ ಆಯ್ತು. 1931ರಲ್ಲಿ ಹಂಗೇರಿಯನ್ ನಟ ಬೆಲಾ ಲುಗೋಸಿ ಡ್ರಾಕುಲಾ ಆದ. ಅವನ ಎಳೆದೆಳೆದು ಆಡೋ ಇಂಗ್ಲಿಷೇ ಇವತ್ತಿಗೂ ಎಲ್ಲರೂ ಅಣಕಿಸೋ ಡ್ರಾಕುಲಾ ದನಿ. ಕೌಂಟ್ ಮುಚ್ಚಿಡಬೇಕು ಅಂದುಕೊಂಡಿದ್ದೇ ಅವನ ಗುರುತಾಯ್ತು.

ನಮ್ಮಲ್ಲಿ ಇದಕ್ಕೆ ಜೋಡಿ ಅಂದ್ರ 'ಆಪ್ತಮಿತ್ರ'. ಹಳೇ ಬಂಗಲೆ, ಬೀಗ ಹಾಕಿದ ಕೋಣೆ, ಸತ್ತ ನರ್ತಕಿ: ಎಲ್ಲಾ ಅದೇ ಸಾಮಾನು. ಕಥೆ ಮೊದಲು ಬಂದದ್ದು 1993ರ ಮಲಯಾಳಂ 'ಮಣಿಚಿತ್ರತಾಳ್'ನಲ್ಲಿ. 2004ಕ್ಕೆ ಕನ್ನಡ, 2005ಕ್ಕೆ ತಮಿಳಿನ 'ಚಂದ್ರಮುಖಿ', 2007ಕ್ಕೆ ಹಿಂದಿಯ 'ಭೂಲ್ ಭುಲಯ್ಯಾ'. ನಾಲ್ಕನ್ನೂ ಸಾಲಾಗಿ ನೋಡ್ರಿ. ಮಲಯಾಳಂ ಮನೆಯೊಳಗಿನ ದೆವ್ವ ತಮಿಳು ಮಾತಾಡ್ತೈತಿ. ಕನ್ನಡದ ಮನೆಯೊಳಗ ತೆಲುಗು, ತಮಿಳಿನವರಿಗೂ ತೆಲುಗು, ಹಿಂದಿಯವರಿಗೆ ಬಂಗಾಳಿ. ಕಥೆ ಒಂದೇ, ಆದ್ರ ಪ್ರತಿ ಊರಿನವರೂ ದೆವ್ವಕ್ಕೆ ತಮ್ಮದಲ್ಲದ ಭಾಷೆ ಹುಡುಕ್ಯಾರ. ಕೊನೆಗೆ ವಿಷ್ಣುವರ್ಧನ್ ಬಂದು ಇದು ಮನಸ್ಸಿನ ಕಾಯಿಲೆ ಅಂತ ಬಿಡಿಸಿ ಹೇಳಿದ್ರೂ, ಸೌಂದರ್ಯಾ ಕಣ್ಣು ಅರಳಿಸಿ ತೆಲುಗಿನಲ್ಲಿ ಗದರಿದಾಗ ಆದ ನಡುಕ ಹೋಗಲ್ಲ. (ಅದೇ ವರ್ಷ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ರು, ಸಿನಿಮಾ ಬಂದದ್ದು ಆಗಸ್ಟ್‌ನಲ್ಲಿ. ಅದು ಗೊತ್ತಿದ್ದು ನೋಡಿದ್ರ ಇನ್ನೊಂದು ಥರ ಕಷ್ಟ.)

ಇದನ್ನ ಹುಬ್ಬಳ್ಳಿಯವರು ತೆಗೆದ್ರ ದೆವ್ವಕ್ಕ ಮರಾಠಿ ಕೊಡ್ತಾರೇನೋ. ನನಗೆ ಬೇಕಾದದ್ದು ಬ್ಯಾರೆ. ಬೆಂಗಳೂರಿನ ಒಂದು ಮನೆ, ಅಲ್ಲಿಯ ಸೊಸೆ ನಡುರಾತ್ರಿ ಎದ್ದು ಕೂತು ಧಾರವಾಡ ಕನ್ನಡ ಮಾತಾಡಬೇಕು. ಗಾಂಧಿನಗರಕ್ಕ ನಮ್ಮ ಮಾತು ನೆನಪಾಗೋದು ಹೆಚ್ಚಾಗಿ ಕಾಮಿಡಿಗೆ. ಅಡುಗೆ ಭಟ್ಟನೋ, ಊರಿಂದ ಬಂದ ಮಾವನೋ 'ಐತಿ' ಅಂದ ಕೂಡ್ಲೆ ಥಿಯೇಟರ್ ನಗ್ತೈತಿ. ಅದೇ ಮಾತು ಬೀಗ ಹಾಕಿದ ಕೋಣೆಯಿಂದ ಸಣ್ಣ ದನಿಯಲ್ಲಿ ಬಂದ್ರ?

"ಯಾಕ ಹೊರಗ ನಿಂತೀರಿ? ಒಳಗ ಬರ್ರಿ."

ಗಬ್ಬೂರ ಬೈಪಾಸ್ ಕಡೆಯಿಂದ ಲಾರಿ ಸದ್ದು ನಿಂತ ಹೊತ್ತಿನಾಗ ಇದನ್ನ ಇನ್ನೊಮ್ಮೆ ಓದ್ರಿ. ಆ 'ರಿ'ಯಲ್ಲಿ ಇರೋ ಮರ್ಯಾದೆನೇ ಹೆದರಿಕೆ. ಡ್ರಾಕುಲಾ ಕೂಡ ಹಾರ್ಕರ್‌ನನ್ನ ಬಾಗಿಲಲ್ಲಿ ಹೀಂಗ ಮರ್ಯಾದೆ ಕೊಟ್ಟೇ ಒಳಗ ಕರೆದದ್ದು.

ಹಂಗಾಗಿ ಸಂಘದವರಿಗೆ ನನ್ನ ಬೇಡಿಕೆ ಸಣ್ಣದು. 31ರ ರಾತ್ರಿ 'ಆಪ್ತಮಿತ್ರ' ಹಾಕ್ರಿ. ಅದಕ್ಕಿಂತ ಮೊದಲು ಹತ್ತು ನಿಮಿಷ ಆ ಎರಡನೇ ಅಧ್ಯಾಯದ ಕಥೆಯನ್ನ ಯಾರಾದ್ರೂ ನಮ್ಮ ಮಾತಿನಾಗ ಹೇಳ್ಲಿ. ನಗೋರು ನಗಲಿ, ಲೈಟ್ ಮಾತ್ರ ಆಫ್ ಇರಲಿ.